ಲಕ್ಷದ ಹೆಡ್‌ಫೋನ್, ಮೊಬೈಲ್‌ನ ವಾಲಗ: ಯಾರ ಸಂಗೀತಕ್ಕೆ ಒಳ್ಳೆಯ ಮೈಕ್?

ಲಕ್ಷ ರೂಪಾಯಿ ದಾಟುವ ಹೆಡ್‌ಫೋನ್ ಅಂದ್ರೆ ಶ್ರೀಮಂತರ ಶೋಕಿ ಅಂತ ಪಕ್ಕಕ್ಕೆ ಸರಿಸೋದು ಸುಲಭ. ಆದರೆ ಅದರಲ್ಲಿ ಯಾವ ಸಂಗೀತ ಚೆನ್ನಾಗಿ ಕೇಳುತ್ತದೆ, ಯಾವುದು ಕೇಳುವುದಿಲ್ಲ ಅಂತ ಗಮನಿಸಿದರೆ ಒಂದು ರಾಜಕೀಯ ಪ್ರಶ್ನೆ ಎದುರಾಗುತ್ತದೆ.

ಮೊದಲು ಯಂತ್ರದ ವಿಷಯ. ಜರ್ಮನಿಯ ಸೆನ್‌ಹೈಸರ್ ಕಂಪನಿ 2009ರಲ್ಲಿ ತಂದ ಎಚ್‌ಡಿ 800 ಈ ವರ್ಗದ ಪ್ರಸಿದ್ಧ ಮಾದರಿ. ಇದರ ಹೊರಕವಚ ಮುಚ್ಚಿಲ್ಲ, ಗಾಳಿ ಆಡುತ್ತದೆ. ಹಾಗಾಗಿ ಸದ್ದು ತಲೆಯೊಳಗೆ ಇಕ್ಕಟ್ಟಾಗಿ ಕೂರದೆ ಸುತ್ತ ಹರಡಿದಂತೆ ಕೇಳುತ್ತದೆ. ನೂರು ಜನ ಒಟ್ಟಿಗೆ ನುಡಿಸುವ ಆರ್ಕೆಸ್ಟ್ರಾಗೆ ಇದು ಹೇಳಿ ಮಾಡಿಸಿದ್ದು. ಪಿಟೀಲುಗಳು ಎಡಕ್ಕೆ, ತುತ್ತೂರಿಗಳು ಹಿಂದಕ್ಕೆ ಅಂತ ಕಣ್ಣು ಮುಚ್ಚಿಯೇ ಗುರುತಿಸಬಹುದು.

ಪರೀಕ್ಷೆಗೆ ರವೆಲ್‌ನ 'ಬೊಲೆರೊ' (1928) ಒಳ್ಳೆಯದು. ಸ್ನೇರ್ ಡ್ರಮ್ಮಿನ ಒಂದೇ ತಾಳ ಪಿಸುಮಾತಿನಂತೆ ಶುರುವಾಗಿ ಸುಮಾರು 15 ನಿಮಿಷ ನಿಲ್ಲದೆ ಸಾಗುತ್ತದೆ. ಮೇಲೆ ಕೊಳಲು, ಆಮೇಲೆ ಒಂದೊಂದೇ ವಾದ್ಯ ಸೇರಿ ಕೊನೆಗೆ ಅಬ್ಬರ. ಅಗ್ಗದ ಇಯರ್‌ಫೋನಿನಲ್ಲಿ ಆ ಅಬ್ಬರದ ಹೊತ್ತಿಗೆ ಎಲ್ಲ ಕಲಸಿಹೋಗುತ್ತದೆ. ಒಳ್ಳೆಯದರಲ್ಲಿ ಡ್ರಮ್ಮಿನ ಎಳೆಯನ್ನು ಕೊನೆತನಕ ಹಿಡಿಯಬಹುದು. ಆದರೆ ಜುಲೈನಲ್ಲಿ, ಕೊಡಗಿನ ತಗಡಿನ ಸೂರಿನ ಕೆಳಗೆ ಕೂತು ಕೇಳಿ ನೋಡಿ: ಹೊರಗಿನ ಸದ್ದನ್ನು ತಡೆಯದ ಈ ಹೆಡ್‌ಫೋನಿನಲ್ಲಿ ಮೊದಲ ನಿಮಿಷಗಳೆಲ್ಲ ಮಳೆಪಾಲು!

ಮಳೆ ನಿಂತ ಮೇಲೂ ಒಂದು ಮಿತಿ ಉಳಿಯುತ್ತದೆ. ಮುದ್ರಣದಲ್ಲಿ ಇಲ್ಲದ್ದನ್ನು ಯಾವ ಹೆಡ್‌ಫೋನೂ ಕೊಡಲಾರದು. ಇದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ನಡೆಯಿತು. ಹಾಡಿದ್ದು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್; ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ನಡೆಸಿದ್ದು ಫುರ್ಟ್‌ವೆಂಗ್ಲರ್. ಖರ್ಚಿಗೆ ಬೆನ್ನಿಗೆ ನಿಂತವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಆ ರಾತ್ರಿಯ ಮುದ್ರಣ ಉಳಿದಿದೆ, ಆದರೆ ಗುಣಮಟ್ಟ ಕಳಪೆ. ದುಬಾರಿ ಹೆಡ್‌ಫೋನ್ ಹಾಕಿದರೆ ಗರಗರ ಸದ್ದು ಇನ್ನೂ ಸ್ಪಷ್ಟವಾಗುತ್ತದೆ, ಆರ್ಕೆಸ್ಟ್ರಾ ಮಂಜಿನಾಚೆ ಇದ್ದಂತೆ. ಆದರೂ ಗಾಯಕಿಯ ದನಿ ಅದನ್ನೆಲ್ಲ ದಾಟಿ ಬರುತ್ತದೆ. ಕೆಟ್ಟ ಮುದ್ರಣವಾದರೂ ಇದೆಯಲ್ಲ, ಅದೇ ದೊಡ್ಡದು. ಇರುವುದಕ್ಕೆ ಕಾರಣ, ಇದು ಉಳಿಯಬೇಕು ಅಂತ ಯಾರೋ ದುಡ್ಡು ಹಾಕಿದ್ದು.

ಆರು ವರ್ಷಗಳ ನಂತರ, 1956ರ ನವೆಂಬರ್ 1ರಂದು, ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಒಡೆಯರ್ ರಾಜ್ಯಪಾಲರಾದರು. ಹಾಗಾದರೆ ಕೊಡಗಿನ ಸಂಗೀತಕ್ಕೆ ದುಡ್ಡು ಹಾಕಿದವರು ಯಾರು?

ಮದುವೆ, ಹಬ್ಬ, ಸಾವು, ಯಾವುದಕ್ಕೂ ಇಲ್ಲಿ ವಾಲಗ ಬೇಕು. ಊದುವ ವಾದ್ಯದ ಚೂಪು ದನಿ, ಕೆಳಗೆ ಚರ್ಮವಾದ್ಯಗಳ ಪೆಟ್ಟು, ಗಂಟೆಗಟ್ಟಲೆ ಸುತ್ತುವ ತಾಳ. ಬೊಲೆರೊ ಕೇಳಿದ ಕಿವಿಗೆ ಇದರ ಸೊಗಸು ಬೇಗ ಹತ್ತುತ್ತದೆ. ಆದರೆ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುವುದು ಹೆಚ್ಚಾಗಿ ಮೊಬೈಲಿನಲ್ಲಿ ಹಿಡಿದ ಮದುವೆ ವಿಡಿಯೋಗಳು. ಫೋನಿನ ಮೈಕ್ ಮಾತಿಗೆ ಹದ ಮಾಡಿದ್ದು, ತಗ್ಗಿನ ಸದ್ದನ್ನು ಸರಿಯಾಗಿ ಹಿಡಿಯಲ್ಲ. ಜೋರು ಪೆಟ್ಟು ಬಿದ್ದ ಕೂಡಲೇ ಫೋನ್ ತಾನಾಗಿ ಒಟ್ಟು ಸದ್ದನ್ನೇ ತಗ್ಗಿಸುತ್ತದೆ. ಊದುವವರ ಉಸಿರಿನ ಏರಿಳಿತ ಅಲ್ಲೇ ಸಾಯುತ್ತದೆ. ಲಕ್ಷದ ಹೆಡ್‌ಫೋನಿನಲ್ಲಿ ಇದನ್ನು ಕೇಳಿದರೆ ಕೇಳಿಸುವುದು ಫೋನಿನ ದೋಷ ಮಾತ್ರ.

ಪದಗಳ ಮಟ್ಟಿಗೆ ಕೊಡಗು ಅದೃಷ್ಟವಂತ. ನಡಿಕೇರಿಯಂಡ ಚಿಣ್ಣಪ್ಪ ಊರೂರು ಸುತ್ತಿ ಸಂಗ್ರಹಿಸಿದ 'ಪಟ್ಟೋಲೆ ಪಳಮೆ' 1924ರಲ್ಲೇ ಅಚ್ಚಾಯಿತು. ಹಾಡು ಉಳಿಯಿತು, ಸರಿ. ಆದರೆ ದುಡಿ ಬಡಿಯುವ ಕೈ ಎಲ್ಲಿ ತಡೆಯುತ್ತದೆ, ಜೊತೆಗಾರರು ಸಾಲನ್ನು ಯಾವ ದನಿಯಲ್ಲಿ ಎತ್ತಿಕೊಳ್ಳುತ್ತಾರೆ ಅನ್ನೋದು ಪುಸ್ತಕದಲ್ಲಿ ಕೇಳಲ್ಲ.

ಇಲ್ಲಿ ಜಾತಿಯೂ ಇದೆ. ವಾಲಗದ ವಾದ್ಯಗಳನ್ನು ನುಡಿಸುತ್ತ ಬಂದವರು ಹೆಚ್ಚಾಗಿ ದಲಿತರು, ಮೇದರು. ಆರ್ಕೆಸ್ಟ್ರಾದ ರೆಕಾರ್ಡಿನ ಮೇಲೆ ನಿರ್ದೇಶಕರ ಹೆಸರು, ಸಭಾಂಗಣ, ತಾರೀಖು ಎಲ್ಲ ಇರುತ್ತದೆ. ಮದುವೆ ವಿಡಿಯೋದಲ್ಲಿ ವಧು-ವರರ ಹೆಸರಿರುತ್ತದೆ, ಫೋಟೋ ಸ್ಟುಡಿಯೋದ ಹೆಸರೂ ಇರುತ್ತದೆ. ವಾಲಗದವರ ಹೆಸರು ಹುಡುಕಿ ನೋಡಿ.

ಪರಿಹಾರ ದುಬಾರಿಯಲ್ಲ. ಕೈಯಲ್ಲಿ ಹಿಡಿಯುವ ಒಂದು ಒಳ್ಳೆಯ ರೆಕಾರ್ಡರ್ ಆ ಹೆಡ್‌ಫೋನಿಗಿಂತ ಎಷ್ಟೋ ಅಗ್ಗ. ಮಳೆ ಮುಗಿದ ಪುತ್ತರಿಯ ದಿನಗಳಲ್ಲಿ, ವಾದ್ಯಗಳಿಂದ ತುಸು ದೂರದಲ್ಲಿ ಅದನ್ನಿಟ್ಟು, ಸದ್ದಿನ ಮಟ್ಟವನ್ನು ಕೈಯಾರೆ ಹೊಂದಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ನುಡಿಸಿದವರ ಒಪ್ಪಿಗೆ ಕೇಳಿ, ಹೆಸರು ಬರೆದು, ಸಂಭಾವನೆ ಕೊಡುವುದು. ಕೊಡವ ಸಾಹಿತ್ಯ ಅಕಾಡೆಮಿ, ಮಡಿಕೇರಿ ಆಕಾಶವಾಣಿ, ಕಾಲೇಜುಗಳು ಸೇರಿದರೆ ಇದು ಸಾರ್ವಜನಿಕ ಸಂಗ್ರಹವೇ ಆಗಬಹುದು. ಅಂದು ಮಹಾರಾಜರೊಬ್ಬರ ಅಭಿರುಚಿ ಮಾಡಿದ ಕೆಲಸವನ್ನು ಇವತ್ತು ನಮ್ಮ ತೆರಿಗೆ ಹಣ ಮಾಡಲಿ ಅಂತ ಕೇಳುವುದು ಅತಿಯಾಸೆಯೇನಲ್ಲ.