ಜಪಾನಿನ ಎರಡು ಹಡಗುಗಳನ್ನು ‘ಬೆಂಗಾಲ್’ ಒಂದೇ ಮುಳುಗಿಸಿತೇ? ಇಲ್ಲಿದೆ ಸತ್ಯಾಂಶ

‘ಎರಡನೇ ಮಹಾಯುದ್ಧದಲ್ಲಿ ಭಾರತದ ಒಂದು ಪುಟ್ಟ ಹಡಗು ಜಪಾನಿನ ಎರಡು ಬೃಹತ್ ಹಡಗುಗಳನ್ನು ಒಂಟಿಯಾಗಿ ಮುಳುಗಿಸಿತು’ – ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬರಬಹುದು. ಇದರಲ್ಲಿ ನಿಜವೆಷ್ಟು? ನೋಡೋಣ.

ಘಟನೆ ನಡೆದದ್ದು ನಿಜ. ಎಚ್‌ಎಂಐಎಸ್ ಬೆಂಗಾಲ್ ರಾಯಲ್ ಇಂಡಿಯನ್ ನೇವಿಯ ಹಡಗು. 1942ರಲ್ಲಿ ಸಿಡ್ನಿಯಲ್ಲಿ ಸಿದ್ಧವಾಯಿತು. ಕಾರ್ವೆಟ್ ಎಂದರೆ ಬೆಂಗಾವಲಿಗೆ ಬಳಸುವ ಚಿಕ್ಕ ಯುದ್ಧನೌಕೆ. ಬೆಂಗಾಲ್‌ನ ತೂಕ ಸುಮಾರು 650 ಟನ್. ಅದರ ಮುಖ್ಯ ಫಿರಂಗಿ 3 ಅಂಗುಲದ್ದು, ಅದೂ ಒಂದೇ ಒಂದು.

1942ರ ನವೆಂಬರ್ 11ರಂದು ‘ಒಂಡಿನಾ’ ಎಂಬ ಡಚ್ ತೈಲ ಹಡಗಿಗೆ ಬೆಂಗಾವಲಾಗಿ ಬೆಂಗಾಲ್ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಡಿಯೆಗೊ ಗಾರ್ಸಿಯಾ ಕಡೆಗೆ ಸಾಗುತ್ತಿತ್ತು. ಹಿಂದೂ ಮಹಾಸಾಗರದಲ್ಲಿ ಜಪಾನಿನ ಹೊಕೊಕು ಮಾರು, ಐಕೊಕು ಮಾರು ಎದುರಾದವು. ಎರಡೂ 10,000 ಟನ್‌ಗಿಂತ ದೊಡ್ಡವು, ಹಲವು ಫಿರಂಗಿಗಳಿದ್ದವು. ಬೆಂಗಾಲ್ ಓಡಿಹೋಗಲಿಲ್ಲ. ಒಂಡಿನಾ ತಪ್ಪಿಸಿಕೊಳ್ಳಲಿ ಎಂದು ನೇರವಾಗಿ ಶತ್ರುವಿನತ್ತ ನುಗ್ಗಿತು.

ಹೊಕೊಕು ಮಾರುವಿಗೆ ಗುಂಡು ತಗುಲಿ ಬೆಂಕಿ ಹತ್ತಿತು. ಅದು ಸ್ಫೋಟಗೊಂಡು ಮುಳುಗಿತು. ಆದರೆ ಆ ಗುಂಡು ಯಾರದು? ಒಂಡಿನಾದಲ್ಲೂ 4 ಅಂಗುಲದ ಒಂದು ಫಿರಂಗಿ ಇತ್ತು, ಅದೂ ಗುಂಡು ಹಾರಿಸುತ್ತಿತ್ತು. ಎರಡೂ ಕಡೆಯವರು ‘ನಮ್ಮದೇ’ ಎಂದರು. ಹಾಗಾಗಿ ‘ಒಂಟಿಯಾಗಿ’ ಎನ್ನುವುದು ಸರಿಯಲ್ಲ. ‘ಎರಡು’ ಎನ್ನುವುದಂತೂ ಸುಳ್ಳು. ಐಕೊಕು ಮಾರು ಅಂದು ಮುಳುಗಲಿಲ್ಲ. ಅದನ್ನು 1944ರ ಫೆಬ್ರವರಿಯಲ್ಲಿ ಟ್ರಕ್ ದ್ವೀಪದ ಬಳಿ ಅಮೆರಿಕದ ವಿಮಾನಗಳು ಮುಳುಗಿಸಿದವು.

ಸಂದೇಶ ಬಿಟ್ಟುಬಿಡುವ ಭಾಗವೂ ಇದೆ. ಮದ್ದುಗುಂಡು ಮುಗಿಯುತ್ತ ಬಂದು ಬೆಂಗಾಲ್ ಹಿಂದೆ ಸರಿಯಬೇಕಾಯಿತು. ಒಂಡಿನಾದ ಕ್ಯಾಪ್ಟನ್ ಹಾರ್ಸ್‌ಮನ್ ಪ್ರಾಣ ಕಳೆದುಕೊಂಡರು. ಸಿಬ್ಬಂದಿ ಹಡಗು ಬಿಟ್ಟು ದೋಣಿಗಳಿಗೆ ಇಳಿದರು. ಆ ದೋಣಿಗಳ ಮೇಲೂ ಜಪಾನಿಯರು ಗುಂಡು ಹಾರಿಸಿದರು. ಐಕೊಕು ಮಾರು ಹೊರಟುಹೋದ ಮೇಲೆ ಉಳಿದವರು ಮತ್ತೆ ಹಡಗು ಹತ್ತಿ, ಬೆಂಕಿ ನಂದಿಸಿ, ಅದನ್ನು ಫ್ರೀಮ್ಯಾಂಟಲ್‌ಗೆ ಮರಳಿ ತಂದರು. ಬೆಂಗಾಲ್ ಹಾನಿಗೊಂಡರೂ ಡಿಯೆಗೊ ಗಾರ್ಸಿಯಾ ತಲುಪಿತು. ಅದರ ಸಿಬ್ಬಂದಿಯಲ್ಲಿ ಯಾರೂ ಸಾಯಲಿಲ್ಲ. ಸ್ವಾತಂತ್ರ್ಯಾನಂತರವೂ ಭಾರತೀಯ ನೌಕಾಪಡೆಯಲ್ಲಿ ದುಡಿದು 1960ರಲ್ಲಿ ನಿವೃತ್ತಿಯಾಯಿತು.

ನಮ್ಮ ತೀರ್ಪು: ಅರ್ಧ ಸತ್ಯ. ಬೆಂಗಾಲ್‌ನ ಸಾಹಸಕ್ಕೆ ಉತ್ಪ್ರೇಕ್ಷೆ ಬೇಕಿಲ್ಲ. ‘ಒಂಟಿಯಾಗಿ’ ಎಂದು ಬರೆದಾಗ ಮರೆಯಾಗುವುದು ಒಂಡಿನಾದಲ್ಲಿ ಸತ್ತವರ ನೆನಪು. ಹಂಚುವುದಾದರೆ ಇಬ್ಬರ ಕಥೆಯನ್ನೂ ಹಂಚಿ.