ನೀಲಿ ನಾಲಿಗೆಯ ವೈರಸ್‌ಗೆ ನುಸಿಯ ಕೋಶವೇ ಬಲೆ

ಕುರಿಗೆ ಜ್ವರ ಏರಿ, ತುಟಿ ಬಾತು, ಜೊಲ್ಲು ಸುರಿದು, ಅದು ಹಿಂಡಿನ ಹಿಂದೆ ಕುಂಟತೊಡಗಿತೆಂದರೆ ಕುರಿಗಾಹಿಗೆ ನೀಲಿ ನಾಲಿಗೆಯದೇ ಗುಮಾನಿ. ಸಿಂದಗಿ ತಾಲ್ಲೂಕಿನ ಮೋರಟಗಿಯಂಥ ಊರುಗಳ ಎರೆ ಹೊಲದಲ್ಲಿ ಮಳೆ ನಿಂತರೂ ಹಸಿ ಬೇಗ ಆರುವುದಿಲ್ಲ. ದಡ್ಡಿಯ ಕೆಸರು, ಕೊಳೆತ ಹಿಕ್ಕೆ ಇದ್ದಲ್ಲಿ ಕ್ಯುಲಿಕಾಯ್ಡಿಸ್ ಎಂಬ ಪುಟಾಣಿ ನುಸಿ ಹುಟ್ಟುತ್ತದೆ. ರೋಗ ಹರಡುವುದು ಮುಖ್ಯವಾಗಿ ಅದರ ಕಡಿತದಿಂದ. ಆದರೆ ಪಿಪಿಆರ್ ರೋಗ ಬಂದರೂ ಜೊಲ್ಲು, ಕಾಲುಬಾಯಿ ರೋಗ ಬಂದರೂ ಕುಂಟು. ಖಚಿತ ಮಾಡಬೇಕಾದದ್ದು ಪ್ರಯೋಗಾಲಯವೇ.

ಅಲ್ಲಿ ಈ ವೈರಸ್ ಸುಲಭಕ್ಕೆ ಸಿಗುವುದಿಲ್ಲ. ಅದು ರಕ್ತದ ಕೆಂಪುಕಣಗಳ ಹೊರಪೊರೆಯ ಮಡಿಕೆಗಳಲ್ಲಿ ಅಡಗಿ ಕೂತು, ಪ್ರತಿಕಾಯಗಳ ಕಣ್ಣು ತಪ್ಪಿಸುತ್ತದೆ. ಹಾಗಾಗಿ ಮೊದಲು ಕೆಂಪುಕಣಗಳನ್ನು ತೊಳೆದು ಪ್ರತಿಕಾಯ ಕಳೆಯುತ್ತಾರೆ, ಆಮೇಲೆ ಕಣಗಳನ್ನೇ ಒಡೆದು ವೈರಸ್ಸನ್ನು ಹೊರಗೆಳೆಯುತ್ತಾರೆ. ತೊಳೆಯದ ರಕ್ತವನ್ನು ವೈರಸ್ ಬೆಳೆಸುವ ಕೋಶಗಳ ಮೇಲೆ ನೇರ ಸುರಿದರೆ ಇದ್ದ ವೈರಸ್ಸೂ ಕಾಣದೆ ಹೋಗಬಹುದು.

ಮುಂದಿನ ಹೆಜ್ಜೆ ನನಗೆ ಸದಾ ಬೆರಗು. ಕುರಿಯ ರೋಗಾಣುವನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ! 9ರಿಂದ 12 ದಿನದ ಭ್ರೂಣವಿರುವ ಮೊಟ್ಟೆಯನ್ನು ಬೆಳಕಿಗೆ ಹಿಡಿದು, ಚಿಪ್ಪಿನಡಿಯ ರಕ್ತನಾಳ ಗುರುತಿಸಿ, ಅದರೊಳಕ್ಕೇ ಸೂಜಿ ಇಳಿಸಬೇಕು. ಕೈ ಕೊಂಚ ನಡುಗಿದರೂ ಮೊಟ್ಟೆ ಕೆಟ್ಟಿತು. ಆದರೆ ಹಳದಿಚೀಲಕ್ಕೆ ಚುಚ್ಚುವುದಕ್ಕಿಂತ ಈ ದಾರಿಯ ಸೂಕ್ಷ್ಮತೆ ನೂರು ಪಟ್ಟಿಗೂ ಮಿಗಿಲು. ಸತ್ತ ಭ್ರೂಣ ಚೆರ್ರಿ ಹಣ್ಣಿನಂತೆ ಕೆಂಪೇರಿದ್ದರೆ ವೈರಸ್ ಬೆಳೆದ ಸುಳಿವು.

ಮೊಟ್ಟೆಯ ಬದಲು ಕೆ.ಸಿ. ಎಂಬ ಕೋಶಗಳನ್ನೂ ಬಳಸುತ್ತಾರೆ. ಇವು ಕ್ಯುಲಿಕಾಯ್ಡಿಸ್ ನುಸಿಯಿಂದಲೇ ತೆಗೆದು ಸಾಕಿದ ಕೋಶಗಳು. ವೈರಸ್ಸಿಗೆ ಅದು ಹುಟ್ಟೂರಿದ್ದಂತೆ, ಎಷ್ಟು ಕಡಿಮೆ ಇದ್ದರೂ ಬೇರೂರಿ ಬೆಳೆಯುತ್ತದೆ. ತೊಡಕೊಂದಿದೆ: ನುಸಿಯನ್ನು ಕೊಲ್ಲದ ವೈರಸ್ ನುಸಿಯ ಕೋಶವನ್ನೂ ಕೊಲ್ಲದು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅಲ್ಲಿ ಬೆಳೆದದ್ದನ್ನು ಬಿ.ಎಚ್.ಕೆ.-21 ಕೋಶಗಳಿಗೆ ದಾಟಿಸಬೇಕು. ಗ್ಲಾಸ್ಗೊದಲ್ಲಿ 1961ರಲ್ಲಿ ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಪಡೆದ ಈ ಕೋಶಗಳು ಸೋಂಕು ತಗುಲಿದರೆ ಕೆಲವೇ ದಿನಗಳಲ್ಲಿ ಗುಂಡಗಾಗಿ, ತಳ ಬಿಟ್ಟು ತೇಲುತ್ತವೆ. ಮೊದಲ ಸಲ ಏನೂ ಕಾಣದಿದ್ದರೆ ಕೈಬಿಡದೆ, ಆ ಕೋಶಗಳಿದ್ದ ದ್ರವವನ್ನು ಹೊಸ ಕೋಶಗಳಿಗೆ ಹಾಕಿ ಮತ್ತೆ ಕಾಯುತ್ತಾರೆ.

ಪಿಸಿಆರ್ ಇರುವಾಗ ಇಷ್ಟೆಲ್ಲ ಯಾಕೆ ಎನ್ನಬಹುದು. ಪಿಸಿಆರ್ ಬೇಗ ಉತ್ತರ ಕೊಡುತ್ತದೆ, ಸರಿ. ಆದರೆ ಸೋಂಕು ತಗುಲಿ ತಿಂಗಳುಗಳಾದ ಮೇಲೂ ಉಳಿದ ಆರ್‌ಎನ್‌ಎ ಚೂರನ್ನು ಹಿಡಿದು 'ಇದೆ' ಎನ್ನುತ್ತದೆ; ವೈರಸ್ ಜೀವಂತವೋ ಎಂದು ಹೇಳದು. ಲಸಿಕೆ ತಯಾರಿಗೆ ಜೀವಂತ ವೈರಸ್ಸೇ ಬೇಕು. ಭಾರತದಲ್ಲಿ 1964ರಲ್ಲಿ ಮಹಾರಾಷ್ಟ್ರದಿಂದ ಮೊದಲು ವರದಿಯಾದ ಈ ರೋಗದ ವೈರಸ್ಸಿಗೆ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ನಮ್ಮ ದೇಶದ ಲಸಿಕೆಯಲ್ಲಿರುವುದು ಐದು: 1, 2, 10, 16 ಮತ್ತು 23. ಒಂದರ ಲಸಿಕೆ ಇನ್ನೊಂದಕ್ಕೆ ಸಾಲದು.

ಮೋರಟಗಿಯಿಂದ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಗೆ ಸುಮಾರು 500 ಕಿಲೋಮೀಟರು. ದಾರಿಯಲ್ಲಿ ಮಾದರಿ ಕೆಟ್ಟರೆ ಕೆ.ಸಿ. ಕೋಶವೂ ನಿರುಪಯೋಗಿ. ಸತ್ತ ಕುರಿಗಿಂತ ಜ್ವರ ಏರಿದ ಕುರಿಯ ರಕ್ತ ಲೇಸು. ಅದು ಹೆಪ್ಪುಗಟ್ಟದಂತೆ ಇಡಿಟಿಎ ಅಥವಾ ಹೆಪಾರಿನ್ ಇರುವ ಸೀಸೆಗೆ ಹಿಡಿದು, 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಳಿಸಬೇಕು. ಫ್ರೀಜರಿನಲ್ಲಿ ಇಟ್ಟರೆ ಇನ್ನೂ ಭದ್ರ ಎಂದುಕೊಳ್ಳುವವರಿದ್ದಾರೆ. ಆದರೆ ರಕ್ತ ಮಂಜುಗಡ್ಡೆಯಾದರೆ ಕಣಗಳು ಒಡೆಯುತ್ತವೆ, ತೊಳೆಯಲು ಏನೂ ಉಳಿಯುವುದಿಲ್ಲ.