ಹೊಲದಲ್ಲಿ ನೆಟ್‌ವರ್ಕ್ ಎಷ್ಟಿದೆ? ಆ್ಯಪ್ ಹೇಳುವುದು, ರೈತರು ಹೇಳುವುದು

ಹೆಸರು ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಮೇಲೆ ಅಕಾಲಿಕ ಮಳೆ ಬಂದು ಬೆಳೆ ಕೆಟ್ಟರೆ, ವಿಮೆ ಮಾಡಿಸಿದ ರೈತರು 72 ಗಂಟೆಯೊಳಗೆ ಹಾನಿಯ ವಿಷಯವನ್ನು ತಿಳಿಸಬೇಕು. ಇದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮ. 14447 ಸಹಾಯವಾಣಿಗೆ ಕರೆ ಮಾಡಬಹುದು, ಇಲ್ಲವೇ ಬೆಳೆ ವಿಮೆಯ ಆ್ಯಪ್ ಮೂಲಕ ಫೋಟೋ ಸಹಿತ ತಿಳಿಸಬಹುದು. ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ', ಹವಾಮಾನ ಸಲಹೆ ಕೊಡುವ 'ಮೇಘದೂತ' ಇವೆಲ್ಲವೂ ಮೊಬೈಲಿನಲ್ಲಿಯೇ ಬರುತ್ತವೆ. ಆದರೆ ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಇವು ಸಮಯಕ್ಕೆ ಒದಗುವುದಿಲ್ಲ.

ಈ ಕಾರಣದಿಂದ ನೆಟ್‌ವರ್ಕ್ ಅಳೆಯುವ ಆ್ಯಪ್‌ಗಳನ್ನು ಅನೇಕ ರೈತರು ಈಗ ಬಳಸುತ್ತಿದ್ದಾರೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2016ರಲ್ಲಿ 'ಮೈಸ್ಪೀಡ್' ಎಂಬ ಆ್ಯಪ್ ಹೊರತಂದಿತು. ಇದು ಇಂಟರ್ನೆಟ್ಟಿನ ವೇಗ ಹಾಗೂ ಸಿಗ್ನಲ್ಲಿನ ಬಲವನ್ನು ಅಳೆದು ಫಲಿತಾಂಶವನ್ನು ಟ್ರಾಯ್‌ಗೆ ಕಳಿಸುತ್ತದೆ. ಇದಲ್ಲದೆ ಟ್ರಾಯ್‌ನ 2024ರ ನಿಯಮದಂತೆ ಮೊಬೈಲ್ ಕಂಪನಿಗಳು ತಮ್ಮ ನೆಟ್‌ವರ್ಕ್ ಎಲ್ಲೆಲ್ಲಿ ಸಿಗುತ್ತದೆಂಬ ನಕಾಶೆಯನ್ನು 2025ರಿಂದ ಪ್ರಕಟಿಸುತ್ತಿವೆ.

ರೈತರ ಅಭಿಪ್ರಾಯ

ಕ್ಷೇತ್ರ ಭೇಟಿಗೆ ಹೋದಾಗ ಈ ಆ್ಯಪ್‌ಗಳ ಬಗ್ಗೆ ಬೇರೆ ಬೇರೆ ಮಾತು ಕೇಳಿಬಂದವು. ಅಣ್ಣಿಗೇರಿ ಕಡೆಯ ಹಿರಿಯ ರೈತರೊಬ್ಬರು, "ನಕಾಶೆದಾಗ ನಮ್ಮೂರು ಪೂರ್ತಿ ಬಣ್ಣ ತುಂಬೇತ್ರಿ ಸರ, ಹೊಲಕ್ಕ ಹೋದ್ರ ಒಂದ ಕಡ್ಡಿನೂ ಬರಂಗಿಲ್ಲ" ಎಂದರು. ಕಲಘಟಗಿ ತಾಲೂಕಿನ ಯುವಕ, "ನಾನು ನಮ್ಮ ಅಣ್ಣ ಇಬ್ರದೂ ಒಂದ ಕಂಪನಿ ಸಿಮ್. ಅವಂಗ ನಾಕ ಕಡ್ಡಿ, ನನಗ ಎರಡ" ಎಂದ. ಕುಂದಗೋಳದ ರೈತ ಮಹಿಳೆಯೊಬ್ಬರು, "ಮುಂಜಾನೆ ಛಲೋ ತೋರಸ್ತೈತ್ರಿ, ಸಂಜೀಮುಂದ ಫೋಟೋನ ಹೋಗಂಗಿಲ್ಲ" ಎಂದು ಹೇಳಿದರು. ನವಲಗುಂದದ ಮತ್ತೊಬ್ಬರದು, "ಪರೀಕ್ಷೆ ಮಾಡಿ ಮಾಡಿ ನನ್ನ ಡೇಟಾನ ಖಾಲಿ ಆತು" ಎಂಬ ತಕರಾರು.

ಈ ನಾಲ್ಕೂ ಮಾತುಗಳು ನಿಜವೇ. ಒಂದು ಗುಳಿಯ ಮಣ್ಣು ಪರೀಕ್ಷಿಸಿ ಇಡೀ ಹೊಲಕ್ಕೆ ಗೊಬ್ಬರದ ಪ್ರಮಾಣ ಹೇಳಲಾಗದು. ಅದರಂತೆ ಒಂದು ಸ್ಥಳದಲ್ಲಿ, ಒಂದು ಹೊತ್ತಿನಲ್ಲಿ, ಒಂದು ಫೋನಿನಿಂದ ಮಾಡಿದ ಅಳತೆ ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. ಇನ್ನೊಬ್ಬರ ಅಭಿಪ್ರಾಯ ನಂಬಿ ಸಿಮ್ ಬದಲಿಸುವ ಮೊದಲು ನಮ್ಮ ಹೊಲದಲ್ಲಿ ನಾವೇ ಅಳೆಯುವುದು ಲೇಸು.

ವ್ಯತ್ಯಾಸಕ್ಕೆ ಕಾರಣಗಳು

1. ನಕಾಶೆ ಒಂದು ಅಂದಾಜು. ಟವರಿನ ಸ್ಥಳ, ಎತ್ತರ, ಶಕ್ತಿ ಮತ್ತು ನೆಲದ ಏರಿಳಿತದ ಲೆಕ್ಕ ಹಾಕಿ ಅದನ್ನು ಸಿದ್ಧಪಡಿಸುತ್ತಾರೆ. ನವಲಗುಂದ, ಅಣ್ಣಿಗೇರಿಯ ಎರಿ ಭೂಮಿ ಬಯಲು. ಸಿಗ್ನಲ್ಲಿಗೆ ಅಡ್ಡಿ ಕಡಿಮೆ. ಆದರೆ ಟವರುಗಳು ಸಾಮಾನ್ಯವಾಗಿ ಊರು ಮತ್ತು ದೊಡ್ಡ ರಸ್ತೆಗಳ ಹತ್ತಿರ ಇರುವುದರಿಂದ ದೂರದ ಹೊಲಗಳಿಗೆ ಬಲ ಕುಂದುತ್ತದೆ. ಕಲಘಟಗಿಯಲ್ಲಿ ಗುಡ್ಡದ ಮರೆ ಮತ್ತು ದಟ್ಟ ಗಿಡಮರಗಳು ಅಡ್ಡ ಬರುತ್ತವೆ. ಅಲ್ಲಿ ಐವತ್ತು ಹೆಜ್ಜೆ ಸರಿದರೂ ಫಲಿತಾಂಶ ಬದಲಾಗಬಹುದು.

2. ಕಡ್ಡಿಗಳಿಗೆ ಒಂದೇ ಅಳತೆಯಿಲ್ಲ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ತಯಾರಕರು ತಮಗೆ ತೋಚಿದಂತೆ ನಿಗದಿಪಡಿಸಿರುತ್ತಾರೆ. ಆದ್ದರಿಂದ ಕಡ್ಡಿ ಎಣಿಸುವ ಬದಲು 'ಡಿಬಿಎಂ' ಅಂಕಿ ನೋಡಬೇಕು. ಇದು ಋಣ ಸಂಖ್ಯೆ. ಮೈನಸ್ ಗುರುತಿನ ಮುಂದಿನ ಅಂಕಿ ಚಿಕ್ಕದಾದಷ್ಟೂ ಸಿಗ್ನಲ್ ಬಲವಾಗಿರುತ್ತದೆ. 10 ಅಂಕಿಯ ವ್ಯತ್ಯಾಸವೆಂದರೆ ಬಲದಲ್ಲಿ ಹತ್ತು ಪಟ್ಟು ವ್ಯತ್ಯಾಸ. 4ಜಿಯಲ್ಲಿ ಸುಮಾರು -90 ಇದ್ದರೆ ಉತ್ತಮ, -100 ಇದ್ದರೆ ಸಾಧಾರಣ, -110 ದಾಟಿದರೆ ದುರ್ಬಲ ಎಂದು ತಿಳಿಯಬಹುದು. 2ಜಿ ಮತ್ತು 4ಜಿ ಅಂಕಿಗಳನ್ನು ಅಳೆಯುವ ರೀತಿ ಬೇರೆ, ಒಂದಕ್ಕೊಂದು ಹೋಲಿಸಬಾರದು.

3. ಬಲ ಬೇರೆ, ವೇಗ ಬೇರೆ. ಕಾಲುವೆ ತುಂಬಿ ಹರಿದರೂ ಮೇಲಿನವರೆಲ್ಲ ಒಮ್ಮೆಲೆ ನೀರು ಕಟ್ಟಿದರೆ ಕೊನೆಯ ಹೊಲಕ್ಕೆ ನೀರು ತಲುಪದು. ಹಾಗೆಯೇ ಸಂಜೆ ಊರಿನವರೆಲ್ಲ ಒಂದೇ ಟವರಿನಿಂದ ವಿಡಿಯೋ ನೋಡುವಾಗ ಕಡ್ಡಿ ಪೂರ್ತಿ ಇದ್ದರೂ ವೇಗ ಇಳಿಯುತ್ತದೆ.

4. ಮನೆಯ ಗೋಡೆ. ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಮತ್ತು ತಗಡಿನ ಶೆಡ್ಡು ಸಿಗ್ನಲ್ಲನ್ನು ತಡೆಯುತ್ತವೆ. 700ರಿಂದ 900 ಮೆಗಾಹರ್ಟ್ಜ್‌ನಂಥ ಕಡಿಮೆ ಆವರ್ತನದ ತರಂಗಗಳು ದೂರ ಸಾಗಿ ಗೋಡೆಯನ್ನೂ ದಾಟಬಲ್ಲವು. 2300 ಅಥವಾ 3300 ಮೆಗಾಹರ್ಟ್ಜ್‌ನವು ಅಷ್ಟು ದೂರ ಸಾಗವು. ಮಳೆಹನಿಯಿಂದ ಫೋನಿನ ಸಿಗ್ನಲ್ ಕುಂದುವುದು ಅತ್ಯಲ್ಪ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿಯುವುದೂ ನೆಟ್‌ವರ್ಕ್ ಹೋಗಲು ಒಂದು ಕಾರಣ.

ಅಳೆಯುವ ಕ್ರಮ

ಮೊದಲು ವೈಫೈ ಬಂದ್ ಮಾಡಿರಿ. ಇಲ್ಲದಿದ್ದರೆ ಸಿಮ್ಮಿನ ಬದಲು ವೈಫೈ ವೇಗವೇ ಬರುತ್ತದೆ. ಎರಡು ಸಿಮ್ ಇದ್ದಲ್ಲಿ ಯಾವುದರ ಡೇಟಾ ಚಾಲೂ ಇದೆಯೆಂದು ನೋಡಿಕೊಳ್ಳಿರಿ. ಮಣ್ಣಿನ ಮಾದರಿ ತೆಗೆಯುವಾಗ ಮಾಡುವಂತೆ ಬದುವಿನ ಹತ್ತಿರ, ಹೊಲದ ನಡುವೆ, ಪಂಪ್‌ಸೆಟ್ ಇರುವಲ್ಲಿ, ಕಣದಲ್ಲಿ ಮತ್ತು ಮನೆಯೊಳಗೆ ಹೀಗೆ ಐದಾರು ಸ್ಥಳ ಆರಿಸಿಕೊಳ್ಳಿರಿ. ಪ್ರತಿ ಸ್ಥಳದಲ್ಲಿ ಮುಂಜಾನೆ, ಮಧ್ಯಾಹ್ನ, ಸಂಜೆ ಅಳೆಯಿರಿ. ದಿನಾಂಕ, ಹೊತ್ತು, ಕಂಪನಿಯ ಹೆಸರು, ಡಿಬಿಎಂ ಮತ್ತು ವೇಗವನ್ನು ಪುಸ್ತಕದಲ್ಲಿ ಬರೆದಿಡಿರಿ. ಒಂದು ಕರೆ ಮಾಡಿ, ಒಂದು ಫೋಟೋ ಕಳಿಸಿಯೂ ನೋಡಿರಿ. ನಮ್ಮ ಕೆಲಸಕ್ಕೆ ಬೇಕಾದದ್ದು ಅದೇ.

ವೇಗದ ಪರೀಕ್ಷೆಗೆ ಡೇಟಾ ಹೆಚ್ಚು ಖರ್ಚಾಗುತ್ತದೆ. ಎಲ್ಲ ಕಡೆ ಅದನ್ನು ಮಾಡಬೇಕಿಲ್ಲ. ಡಿಬಿಎಂ ಅಂಕಿ ನೋಡಲು ಡೇಟಾ ಬೇಡ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ 'ಸಿಮ್ ಸ್ಟೇಟಸ್' ಎಂಬಲ್ಲಿ ಅದು ಸಿಗುತ್ತದೆ. ಅಳೆಯುವ ಆ್ಯಪ್ ಲೊಕೇಶನ್ ಅನುಮತಿ ಕೇಳುವುದು ಸಹಜ. ಆದರೆ ಬ್ಯಾಂಕ್ ವಿವರ, ಆಧಾರ್ ಸಂಖ್ಯೆ ಅಥವಾ ಒಟಿಪಿ ಕೇಳಿದರೆ ಅಂಥ ಆ್ಯಪನ್ನು ಕೂಡಲೇ ತೆಗೆದುಹಾಕಬೇಕು.

ಅಳೆದ ನಂತರ

ನೆರೆಹೊಲದವರ ಬಳಿ ಬೇರೆ ಕಂಪನಿಯ ಸಿಮ್ ಇದ್ದರೆ ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ ಅಳೆದು ಹೋಲಿಸಿರಿ. ಅದು ಸ್ಪಷ್ಟವಾಗಿ ಉತ್ತಮವಿದ್ದಲ್ಲಿ ನಂಬರ್ ಬದಲಿಸದೆ ಕಂಪನಿ ಬದಲಿಸಬಹುದು. ಈ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಮೊಬೈಲ್ ಸಂಖ್ಯೆ ಬರೆದು 1900ಕ್ಕೆ ಸಂದೇಶ ಕಳಿಸಬೇಕು. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು. ವಿಮೆ, ಬ್ಯಾಂಕು, ಪಿಎಂ-ಕಿಸಾನ್ ಎಲ್ಲಕ್ಕೂ ಒಟಿಪಿ ಬರುವುದು ಅದೇ ನಂಬರಿಗೆ. ಆದ್ದರಿಂದ ಹಳೆಯ ನಂಬರ್ ಬಿಟ್ಟು ಹೊಸದು ಕೊಳ್ಳುವುದಕ್ಕಿಂತ ಇದು ಉತ್ತಮ.

ಯಾವ ಕಂಪನಿಯದೂ ಸಿಗದಿದ್ದರೆ ನಿಮ್ಮ ಕಂಪನಿಯ ಗ್ರಾಹಕ ಕೇಂದ್ರಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದಲ್ಲಿ ಆ ಸಂಖ್ಯೆಯೊಂದಿಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 4ಜಿ ತಲುಪದ ಹಳ್ಳಿಗಳಿಗಾಗಿ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಮೂಲಕ ಯೋಜನೆ ಮಂಜೂರು ಮಾಡಿತು. ಇಂಥ ಲೆಕ್ಕದಲ್ಲಿ ಹಳ್ಳಿಯೇ ಘಟಕ. ಊರೊಳಗೆ ಸಿಗ್ನಲ್ ಇದ್ದು ಹೊಲದಲ್ಲಿ ಇಲ್ಲದಿದ್ದರೆ ಆ ಕೊರತೆ ಕಾಗದದ ಮೇಲೆ ಕಾಣುವುದೇ ಇಲ್ಲ. ಹತ್ತಾರು ರೈತರು ಸೇರಿ ಸರ್ವೆ ನಂಬರ್ ಸಹಿತ ಅಳತೆ ಬರೆದು ಗ್ರಾಮ ಪಂಚಾಯಿತಿಯ ಮೂಲಕ ಮನವಿ ಕೊಟ್ಟರೆ ಅದಕ್ಕೆ ತೂಕ ಬರುತ್ತದೆ.

ಅಲ್ಲಿಯವರೆಗೆ ಮಾಡಬೇಕಾದುದು ಇಷ್ಟು: ಹೊಲದಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಒಂದು ಸ್ಥಳ ಗುರುತಿಸಿ ಮನೆಯವರಿಗೂ ಆಳುಗಳಿಗೂ ತೋರಿಸಿರಿ. ಡೇಟಾ ಸಿಗದ ಕಡೆಯೂ ಸಂದೇಶ ಹೋಗುವುದುಂಟು, ಅದನ್ನು ಪ್ರಯತ್ನಿಸಿರಿ. ಹಾನಿಯಾದಾಗ ಲೊಕೇಶನ್ ಚಾಲೂ ಇಟ್ಟು ಫೋಟೋ ತೆಗೆದುಕೊಳ್ಳಿರಿ. ಜಿಪಿಎಸ್‌ಗೆ ಟವರಿನ ಸಿಗ್ನಲ್ ಬೇಕಿಲ್ಲ. ನಂತರ ಸಿಗ್ನಲ್ ಇರುವಲ್ಲಿಗೆ ಬಂದು ಅಂದೇ ತಿಳಿಸಿರಿ. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಿರಿ. ನಿಮ್ಮ ಕಂಪನಿಯದು ಇಲ್ಲದಿದ್ದರೂ ಅಲ್ಲಿ ಸಿಗುವ ಬೇರೆ ಕಂಪನಿಯ ನೆಟ್‌ವರ್ಕ್ ಮೂಲಕ ಆ ಕರೆ ಹೋಗಬಲ್ಲದು.

ಬಿತ್ತನೆಗೆ ಮೊದಲು ಬೀಜದ ಮೊಳಕೆ ಪರೀಕ್ಷಿಸುವಂತೆ ಹೊಲದ ನೆಟ್‌ವರ್ಕನ್ನೂ ಹಂಗಾಮಿಗೆ ಮೊದಲೇ ಪರೀಕ್ಷಿಸಿಡಿರಿ. ಬೆಳೆ ನೀರಲ್ಲಿ ನಿಂತ ದಿನ ಕಡ್ಡಿ ಹುಡುಕುತ್ತ ಬದುವಿನ ಮೇಲೆ ಅಲೆದಾಡುವುದು ತಪ್ಪುತ್ತದೆ.